ಪರದೆಯ ಬಲ ಅಂಚು

ಮಳವಳ್ಳಿಯ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಹೇಳುವ ಕೊಠಡಿಯಲ್ಲಿ ಪ್ರೊಜೆಕ್ಟರನ್ನು ಮುಂದಿನ ಬೆಂಚಿನ ಮೇಲಿಟ್ಟು, ಅದರ ಮೂತಿಯ ಕೆಳಗೆ ದಪ್ಪ ಪುಸ್ತಕ ಕೊಟ್ಟು ಎತ್ತರಿಸಬೇಕು. ಹಾಗೆ ಎತ್ತರಿಸಿದೊಡನೆ ಪರದೆಯ ಮೇಲಿನ ಚಿತ್ರ ಮೊರದಂತಾಗುತ್ತದೆ, ಮೇಲೆ ಅಗಲ, ಕೆಳಗೆ ಕಿರಿದು. ರಿಮೋಟಿನಲ್ಲಿ ಕೀಸ್ಟೋನ್ ಎಂಬ ಗುಂಡಿಯಿದೆ. ಅದನ್ನು ಒತ್ತುತ್ತ ಹೋದರೆ ಮೊರ ನಿಧಾನವಾಗಿ ಹಲಗೆಯಾಗುತ್ತದೆ. ವರ್ಷಗಟ್ಟಲೆ ಯೋಚಿಸದೆ ಮಾಡಿದ ಕೆಲಸ ಇದು.

ಕಳೆದ ಮಳೆಗಾಲದ ಒಂದು ದಿನ ಚಿತ್ರದ ಬಲ ಅಂಚು ಸರಿಹೋಗಲೇ ಇಲ್ಲ. ಮಳೆಗಾಲವೇ ಎಂದು ಕೇಳಿದರೆ ಖಚಿತವಾಗಿ ಹೇಳಲಾರೆ. ಕಿಟಕಿಗಳು ಮುಚ್ಚಿದ್ದವು ಎಂಬುದಷ್ಟೇ ನೆನಪು. ಬೆಳಕು ತಡೆಯಲು ನಾನೇ ಮುಚ್ಚಿಸಿರಬಹುದು. ಅಂಚಿನ ನಡುವೆ ಯಾರೋ ಹೆಬ್ಬೆರಳಿನಿಂದ ಒತ್ತಿದಂತೆ ಒಂದು ತಗ್ಗು. ಗುಂಡಿ ಒತ್ತಿದೆ, ಪುಸ್ತಕ ಸರಿಸಿದೆ, ಫ್ಯಾನಿನ ಗಾಳಿಗೆ ಪರದೆ ಅಲುಗುತ್ತಿದೆಯೇನೋ ಎಂದು ಫ್ಯಾನ್ ನಿಲ್ಲಿಸಿದೆ, ಮತ್ತೆ ಗುಂಡಿ ಒತ್ತಿದೆ.

"ಮೇಡಂ, ನೆಟ್ಟಗಿದ್ದುದ್ನ ಸೊಟ್ಟ ಮಾಡ್ಬುಟ್ರಲ್ಲ!" ಎಂದ ಒಬ್ಬ.

"ಸುಮ್ನಿರ್ಲಾ, ಇವತ್ತಿನ ಪಾಠ ಇದೇ ಇರ್ಬೇಕು," ಎಂದಿತು ಹಿಂದಿನ ಸಾಲಿನ ದನಿ. ತರಗತಿ ನಕ್ಕಿತು. ಪಕ್ಕದ ಕೊಠಡಿಯಿಂದ ವಾಣಿಜ್ಯಶಾಸ್ತ್ರದ ಸಹೋದ್ಯೋಗಿ ಬಂದು ಎರಡು ಸಲ ಗುಂಡಿ ಒತ್ತಿ, "ಈಗ ನೀಟಾಯ್ತು ನೋಡಿ ಮೇಡಂ," ಎಂದರು. ನಾನು ನೋಡಿದೆ. ತಗ್ಗು ಹಾಗೇ ಇತ್ತು. ಎಡ ಅಂಚಿಗೆ ಕಣ್ಣು ಹೊರಳಿಸಿದೆ, ತಗ್ಗು ಅಲ್ಲಿಗೆ ಬಂತು. ಕೋಷ್ಟಕದ ನಡುಗೆರೆ ನೋಡಿದೆ, ಅಲ್ಲಿಗೂ ಬಂತು. "ಹೌದು, ನೀಟಾಯ್ತು," ಎಂದೆ.

ಸಂಜೆ ಮನೆಗೆ ಹೋಗುವ ಮದ್ದೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಬಲಗಣ್ಣು ಮುಚ್ಚಿದರೆ ಕರೆಂಟು ಕಂಬಗಳು ಕಂಬಗಳಂತೆಯೇ ಇದ್ದವು. ಎಡಗಣ್ಣು ಮುಚ್ಚಿದಾಗ, ನಾನು ನೋಡಿದ ಪ್ರತಿ ಕಂಬವೂ ಕಬ್ಬಿನ ಗದ್ದೆಯ ಕಡೆ ಸೊಂಟ ಬಗ್ಗಿಸಿತು.

ಮಂಡ್ಯದ ಕಣ್ಣಿನ ಡಾಕ್ಟರು ಸ್ಕ್ಯಾನ್ ಮಾಡಿಸಿ, ಬಲಗಣ್ಣಿನ ಒಳಪರದೆಯ ನಟ್ಟನಡುವೆ ನೀರು ತುಂಬಿದೆ ಎಂದರು. ಕಣ್ಣಿಗೇ ಇಂಜೆಕ್ಷನ್. ಬಿಟ್ಟರೆ ನಡುವಿನ ನೋಟ ಹೋಗುತ್ತದೆ, ಸುತ್ತಲಿನದಷ್ಟೇ ಉಳಿಯುತ್ತದೆ. ಇನ್ನೊಂದು ಕಣ್ಣಿಗೂ ಬರಬಹುದು. ಅಕ್ಷರ ಕಾಣದ ಮೇಲೆ ನಾನು ತರಗತಿಯಲ್ಲಿ ನಿಂತು ಮಾಡುವುದೇನು? "ದಿನಾ ಚೌಕಳಿ ಇರೋದನ್ನ ಒಂದೊಂದೇ ಕಣ್ಣಲ್ಲಿ ನೋಡಿ. ಬಾಗು ಜಾಸ್ತಿ ಆದ್ರೆ ಕಾಯ್ಬೇಡಿ, ತಕ್ಷಣ ಬನ್ನಿ," ಎಂದ ಡಾಕ್ಟರು ಕೊನೆಗೆ, "ಮನೇಲಿ ಯಾರಿಗಾದ್ರೂ ಹೀಗಿತ್ತಾ?" ಎಂದು ಕೇಳಿದರು.

ಆ ಕ್ಷಣಕ್ಕೆ ನಮ್ಮೂರು ಹೊಳಲಿನ ಮನೆಯ ಜಗುಲಿಯ ಮೇಲೆ ಕೂತು ಮುಖ ಪಕ್ಕಕ್ಕೆ ತಿರುಗಿಸಿ ನಮ್ಮನ್ನು ನೋಡುತ್ತಿದ್ದ ಅಜ್ಜಿ, ಅಪ್ಪನ ತಾಯಿ, ಕಣ್ಮುಂದೆ ಬಂದರು. ನಿಜವಾಗಿ ಹಾಗೆ ನೋಡುತ್ತಿದ್ದರೇ, ಅಥವಾ ಡಾಕ್ಟರ ಪ್ರಶ್ನೆಗೊಂದು ಉತ್ತರ ಬೇಕೆಂದು ನನ್ನ ಮನಸ್ಸು ಆಗಲೇ ಅವರ ಕತ್ತು ತಿರುಗಿಸಿತೇ? "ಗೊತ್ತಿಲ್ಲ" ಎಂದೆ.

ಮನೆಗೆ ಬಂದು ಡಾಕ್ಟರು ಅಂದದ್ದನ್ನು ಹೇಳಿ, ಅಜ್ಜಿಯ ನೋಟ ಹೇಗಿತ್ತೆಂದು ಅವ್ವನನ್ನು ಕೇಳಿದೆ. ಅವ್ವ ಅವರೆಕಾಯಿ ಸುಲಿಯುತ್ತಿದ್ದಳು.

"ನಮ್ಮತ್ತೆ ನನ್ನ ಯಾವತ್ತು ನೆಟ್ಟಗೆ ನೋಡಿದ್ರು? ಓರೆಗಣ್ಣಲ್ಲೇ ನೋಡೋರು. ಸೊಸೆ ಕಂಡ್ರೆ ಆಗ್ತಿರ್ನಿಲ್ಲ ಕಣವ್ವ."

"ನಮ್ಮನ್ನೂ ಹಂಗೇ ನೋಡ್ತಿದ್ರಾ?"

ಅವ್ವನ ಕೈ ನಿಂತಿತು. "ಎಲ್ರನ್ನೂ ಹಂಗೇ ನೋಡೋರು," ಎಂದಳು. ಸುಲಿದ ಸಿಪ್ಪೆ ಪಕ್ಕಕ್ಕೆ ಹಾಕಿ, "ಹಂಗಾರೆ ಅದು ಕೋಪ ಅಲ್ವಾ?" ಎಂದಳು. ಇನ್ನೊಂದು ಕಾಯಿ ಮುರಿದು, "ಬುಡು, ಕೋಪಾನೂ ಇತ್ತು."

ಅಂದಿನಿಂದ ಅಡುಗೆಮನೆಯ ಕ್ಯಾಲೆಂಡರ್ ನನ್ನ ಚೌಕಳಿಯಾಯಿತು. ಒಂದು ಕಣ್ಣು ಮುಚ್ಚಿ ನಿಂತರೆ ಅವ್ವ, "ಯಾವ ಹಬ್ಬ ಹುಡುಕ್ತಿದ್ದೀಯೆ?" ಎನ್ನುತ್ತಾಳೆ. ಬಾಗು ಜಾಸ್ತಿಯಾಗಿದೆಯೇ ಎಂದು ತಿಳಿಯಲು ನಿನ್ನೆಯ ಬಾಗು ನೆನಪಿರಬೇಕು. ನನಗೆ ನೆನಪಿರುವುದು ನಿನ್ನೆಯ ಹೆದರಿಕೆ ಮಾತ್ರ. ಹೆಚ್ಚು ಹೆದರಿದ ದಿನದ ಗೆರೆ ಹೆಚ್ಚು ಬಾಗಿತ್ತು ಅನಿಸುತ್ತದೆ.

ಇಂಜೆಕ್ಷನ್‌ಗಳು ನಡೆದಿದ್ದಾಗಲೇ ಈ ತಿಂಗಳ ಮೊದಲಲ್ಲಿ ಮತ್ತೆ ಪ್ರೊಜೆಕ್ಟರ್ ಹಚ್ಚಿದೆ. ಈಗ ಗುಂಡಿ ನಾನು ಒತ್ತಿದರೂ ಅಳತೆ ವಿದ್ಯಾರ್ಥಿಗಳದ್ದು.

"ಇನ್ನೂ ಒಸಿ ಕೆಳಗೆ ಮೇಡಂ."

"ಇಲ್ಲ ಕಣ್ಲಾ, ಸರ್ಯಾಗದೆ. ನಿನ್ ಕತ್ತೇ ಸೊಟ್ಟ."

ಒಳ್ಳೆಯ ಕಣ್ಣುಗಳೂ ಜಗಳವಾಡುತ್ತವಲ್ಲ ಎಂದು ಒಂದು ಗಳಿಗೆ ಹಗುರಾದೆ. ಆಮೇಲೆ ಬಲ ಅಂಚು ನೋಡಿದೆ. ತಗ್ಗು ಹೆಬ್ಬೆರಳಿನಷ್ಟಲ್ಲ, ಅಂಗೈಯಷ್ಟಿತ್ತು. ಹಾಗೆಂದೇ ಅನಿಸಿತು. ಪಾಠ ಹೇಗೆ ಮುಗಿಸಿದೆನೋ ತಿಳಿಯದು. ಅರ್ಧ ದಿನ ರಜೆ ಹಾಕಿ ಮಂಡ್ಯದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಎರಡೂ ಕಣ್ಣು ಮುಚ್ಚಿಕೊಂಡು ಕೂತಿದ್ದೆ.

ಸ್ಕ್ಯಾನ್ ನೋಡಿದ ಡಾಕ್ಟರು, "ನೀರು ಕಡಿಮೆಯಾಗಿದೆಯಲ್ಲ," ಎಂದರು. ಹೋದ ಸಲದ ಚಿತ್ರವನ್ನು ಪಕ್ಕದಲ್ಲಿಟ್ಟು ತೋರಿಸಿದರು. ನಿಜವೇ, ಉಬ್ಬು ತಗ್ಗಿತ್ತು. "ನನಗೆ ಜಾಸ್ತಿ ಕಂಡಿತಲ್ಲ?" ಎಂದೆ. ಅನುಮಾನವಿದ್ದರೆ ಬರುವುದೇ ಸರಿ ಎಂದರು. ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಆದರೆ ಇಲ್ಲದ ಹೆಚ್ಚಳವನ್ನು ಕಂಡ ನಾನು, ನಾಳೆ ಇರುವ ಹೆಚ್ಚಳವನ್ನು ಕಾಣದೆ ಹೋದರೆ?

ಬಾಗಿಲಲ್ಲೇ ಕಾದಿದ್ದ ಅವ್ವ, "ಏನಂದ್ರು?" ಎಂದಳು.

"ವಾಸಿಯಂತೆ."

"ನಾನೆಂಗೆ ಕಾಣ್ತಿವ್ನಿ?"

"ನೆಟ್ಟಗೆ."

"ಸುಳ್ಳು ಹೇಳ್ಬೇಡ. ನನ್ ಸೊಂಟ ಬಗ್ಗಿ ಎಷ್ಟು ವರ್ಸಾಯ್ತು!"

ಅವ್ವ ನಕ್ಕಳು, ನಾನೂ ನಕ್ಕೆ. ಅವಳು ಒಳಗೆ ತಿರುಗಿದ ಮೇಲೆ ಎಡಗಣ್ಣು ಮುಚ್ಚಿ, ಬಾಗಿಲ ಚೌಕಟ್ಟನ್ನು ಇನ್ನೊಮ್ಮೆ ನೋಡಿದೆ.