ಬಸ್ಸು ಕಟ್ಟುತ್ತಿದ್ದ ಅಮ್ಮ

ಅವರ ತುರುಬಿನಲ್ಲಿ ಹೂವಿರುತ್ತಿರಲಿಲ್ಲ, ಬಡಗಿಯ ಚಪ್ಪಟೆ ಪೆನ್ಸಿಲೊಂದು ಅಡ್ಡಲಾಗಿ ಸಿಕ್ಕಿಕೊಂಡಿರುತ್ತಿತ್ತು. ಸೀರೆಯ ನೆರಿಗೆಯಲ್ಲಿ ಮರದ ಹೊಟ್ಟು, ಮೈಗೆಲ್ಲ ವಾರ್ನಿಶ್ಶಿನ ವಾಸನೆ. ಎಡಗೈ ಹೆಬ್ಬೆರಳಿನ ಉಗುರು ಯಾವತ್ತೋ ಬಿದ್ದ ಸುತ್ತಿಗೆ ಏಟಿಗೆ ಕಪ್ಪಾದದ್ದು ಹಾಗೆಯೇ ಉಳಿದುಬಿಟ್ಟಿತ್ತು. ಮಾತಾಡುವಾಗ ಆ ಪೆನ್ಸಿಲನ್ನು ಎಳೆದು ಕೈಗೆ ಸಿಕ್ಕಿದ ಹಲಗೆಯ ಮೇಲೆ ಗೀಟು ಹಾಕುತ್ತ ಮಾತಾಡುವರು. ಹಲಗೆ ಸಿಗದಿದ್ದರೆ ನಮ್ಮ ಮನೆಯ ಗೋಡೆಯಾದರೂ ಸರಿಯೇ. ಸಾಗರದಲ್ಲಿ ಎಲ್ಲರೂ ಅವರನ್ನು ಶೆಡ್ಡಿನಮ್ಮ ಎನ್ನುತ್ತಿದ್ದರು. ನಾನು ಬರೀ ಅಮ್ಮ ಎನ್ನುತ್ತಿದ್ದೆ.

ಹೊಸನಗರದ ರಸ್ತೆಯಲ್ಲಿ ಊರು ಮುಗಿಯುವಲ್ಲಿ ಅವರ ಶೆಡ್ಡು. ಅಲ್ಲಿ ಬಸ್ಸು ಕಟ್ಟುತ್ತಿದ್ದರು ಎಂದರೆ ಈಗಿನವರಿಗೆ ನಗು ಬರಬಹುದು. ಆ ಕಾಲದಲ್ಲಿ ಕಂಪನಿಯಿಂದ ಬರುತ್ತಿದ್ದದ್ದು ಚಾಸಿ ಮಾತ್ರ. ಅಂದರೆ ಇಂಜಿನ್ನು, ಚಕ್ರ, ಸ್ಟೇರಿಂಗು, ಅಷ್ಟೇ. ಡ್ರೈವರು ಮರದ ಪೆಟ್ಟಿಗೆಯೊಂದರ ಮೇಲೆ ಕೂತು, ತಲೆಗೆ ಟವೆಲ್ಲು ಸುತ್ತಿಕೊಂಡು, ಬಿಸಿಲು ಧೂಳು ಎರಡನ್ನೂ ತಿನ್ನುತ್ತ ದೂರದ ಊರಿನಿಂದ ಆ ಎಲುಬಿನ ಗೂಡನ್ನು ಓಡಿಸಿಕೊಂಡು ಬರುತ್ತಿದ್ದ. ಅದಕ್ಕೆ ಮರದ ಚೌಕಟ್ಟು ಕೂಡಿಸಿ, ತಗಡು ಹೊಡೆದು, ಸೀಟು ಹಾಕಿ, ಬಣ್ಣ ಬಳಿದು ಬಸ್ಸು ಮಾಡಿ ಕಳಿಸುವುದು ಶೆಡ್ಡಿನ ಕೆಲಸ. ಸಾಗರ, ಹೊಸನಗರ, ತೀರ್ಥಹಳ್ಳಿ ನಡುವೆ ಓಡುತ್ತಿದ್ದ ಎಷ್ಟೋ ಬಸ್ಸುಗಳ ಮೈ ಅಲ್ಲಿ ಹುಟ್ಟಿದ್ದು.

ಶೆಡ್ಡು ಹಾಕಿದವರು ಅವರ ಯಜಮಾನರು. ಅವರು ಜ್ವರ ಬಂದು ತೀರಿಕೊಂಡಾಗ ಅಮ್ಮ ಎಲ್ಲ ಮಾರಿ ತೀರ್ಥಹಳ್ಳಿಯ ತವರಿಗೆ ಹೋಗುತ್ತಾರೆಂದೇ ಊರು ತಿಳಿದಿತ್ತು. ವೈಕುಂಠ ಸಮಾರಾಧನೆ ಮುಗಿದ ಮರುದಿನ ಅವರು ಬೀಗದ ಕೈ ಹಿಡಿದು ಬಂದು ಶೆಡ್ಡಿನ ಬಾಗಿಲು ತೆಗೆದರಂತೆ.

ಇದೆಲ್ಲ ನಾನು ಆಮೇಲೆ ಕೇಳಿದ್ದು. ನಾನು ಶಿವಮೊಗ್ಗದಿಂದ ಮದುವೆಯಾಗಿ ಸಾಗರಕ್ಕೆ ಬಂದದ್ದು ಲಿಂಗನಮಕ್ಕಿಯಲ್ಲಿ ಅಣೆಕಟ್ಟಿನ ಕೆಲಸ ಭರದಿಂದ ನಡೆಯುತ್ತಿದ್ದಾಗ. ನಮ್ಮವರು ಅಂಚೆ ಕಚೇರಿಯಲ್ಲಿ ಗುಮಾಸ್ತರು. ತವರಿನಲ್ಲಿ ಟೈಪಿಂಗ್ ಕಲಿತಿದ್ದೆ, ಆದರೆ ಅದನ್ನು ಗಂಡನ ಮನೆಯಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಅದು ಹೇಗೋ ಅಮ್ಮನ ಕಿವಿಗೆ ಬಿತ್ತು. ಒಂದು ದಿನ ಸೀದಾ ಬಂದು ನಮ್ಮ ಜಗಲಿಯಲ್ಲಿ ಕೂತರು.

"ನಿಮ್ಮ ಸೊಸೆಗೆ ಟೈಪು ಬರ್ತದಂತೆ. ನಂಗೆ ಇಂಗ್ಲಿಷು ಬರಲ್ಲ, ಚಾಸಿ ಕಂಪನಿಯವ್ರಿಗೆ ಕನ್ನಡ ಬರಲ್ಲ. ಮಧ್ಯಾಹ್ನ ಊಟ ಆದ್ಮೇಲೆ ಸ್ವಲ್ಪ ಹೊತ್ತು ಕಳ್ಸಿಕೊಡಿ."

ಅತ್ತೆಯ ಮುಖ ಬಿಗಿಯಿತು. "ಅಷ್ಟು ಗಂಡಸರ ಮಧ್ಯೆ ನಮ್ಮ ಹುಡುಗಿ ಕೂರೋದಾ?"

"ಅವ್ರು ಬಡಗಿಗಳು ಮಾರಾಯ್ರೆ! ಉಳಿ ಹಿಡ್ಕೊಂಡವನ ಕಣ್ಣು ಅತ್ತಿತ್ತ ಹೋದ್ರೆ ಬೆರಳೇ ಹೋಗ್ತದೆ."

ಅತ್ತೆ ತಡೆಯಲಾರದೆ ನಕ್ಕುಬಿಟ್ಟರು. ಆ ನಗೆಯೇ ನನಗೆ ಅಪ್ಪಣೆಯಾಯಿತು.

ಶೆಡ್ಡಿನ ಮೂಲೆಯಲ್ಲಿ ಒಂದು ಮೇಜು, ಒಂದು ಹಳೇ ಟೈಪ್‌ರೈಟರು. ಸುತ್ತ ಗರಗಸದ ಸದ್ದು, ತಗಡಿನ ಸದ್ದು. ನನಗೆ ತುಂಬ ಇಷ್ಟವಾಗುತ್ತಿದ್ದ ದಿನವೆಂದರೆ ಬಸ್ಸು ತಯಾರಾಗಿ ಹೊರಡುವ ದಿನ. ಪೂಜೆಗೆ ಮೊದಲು ಅಮ್ಮ ಒಳಗೆ ಹತ್ತಿ ಒಂದೊಂದೇ ಸೀಟಿನಲ್ಲಿ ಕೂತು ನೋಡುವರು. ಕೊನೆಯ ಸಾಲಿಗೆ ಹೋಗಿ, ಡ್ರೈವರನಿಗೆ ಹೊಂಡ ಇರುವ ಕಡೆಯೇ ಓಡಿಸು ಎಂದು ಹೇಳಿ, ಕಣ್ಣು ಮುಚ್ಚಿ ಕೂರುವರು. ಯಾವುದೋ ಹಲಗೆ ಕಿರ್ ಎಂದರೆ ಪೂಜೆ ನಿಂತಿತೆಂದೇ ಅರ್ಥ. ಬಸ್ಸಿನ ಮಾಲೀಕರು ಗೊಣಗಿದರೆ, "ಕೊನೇ ಸೀಟಿನವ್ರೂ ಟಿಕೇಟು ತಗೊಂಡೇ ಕೂತಿರ್ತಾರೆ" ಎನ್ನುವರು.

ಬಿಡುವಾದಾಗ ವರದಹಳ್ಳಿಯ ಆಶ್ರಮಕ್ಕೆ ಹೋಗಿಬರುವರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ತೀರ್ಥದ ಬಳಿ ನಿಂತು, "ಎಂತ ಕೇಳ್ಕೊಂಡ್ರಿ ಅಮ್ಮ?" ಎಂದೆ. "ನಂಗೆ ಕೇಳಕ್ಕೆ ಬರಲ್ಲ ಕಣೆ. ಕೈ ಮುಗಿದು ಬರ್ತೀನಿ, ಅಷ್ಟೇ" ಎಂದರು. ಅದು ಬಾಯಿಮಾತಾಗಿರಲಿಲ್ಲ. ಪಕ್ಕದ ಮನೆಯಲ್ಲಿ ಒಂದು ಬೊಗಸೆ ಸಕ್ಕರೆ ಕೇಳಿದವರಲ್ಲ ಅವರು.

ಅಣೆಕಟ್ಟು ಮುಗಿಯಿತು. ಕಲ್ಲು ಸಿಮೆಂಟು ಹೊರುತ್ತಿದ್ದ ಲಾರಿಗಳು ಬಂದಂತೆಯೇ ಹೊರಟುಹೋದವು. ಜೀಪುಗಳು ಹೋದವು, ಇಂಜಿನಿಯರುಗಳು ಬಾಡಿಗೆ ಮನೆ ಖಾಲಿ ಮಾಡಿದರು. ಹಿನ್ನೀರಿನಲ್ಲಿ ಊರುಗಳ ಜೊತೆ ರಸ್ತೆಗಳೂ ಮುಳುಗಿದ್ದರಿಂದ ಬಸ್ಸಿನವರ ಎಷ್ಟೋ ದಾರಿ ತುಂಡಾಯಿತು. ಅದೇ ಹೊತ್ತಿಗೆ ದೊಡ್ಡ ಪಟ್ಟಣಗಳ ಕಾರ್ಖಾನೆಯಿಂದ ಕಬ್ಬಿಣದ ಬಾಡಿ ಕೂತ ಬಸ್ಸು ಸಿದ್ಧವಾಗಿಯೇ ಬರತೊಡಗಿತು. ನಮ್ಮ ಶೆಡ್ಡಿನ ಅಂಗಳದಲ್ಲಿ ಚಾಸಿಗಳು ಸಾಲಾಗಿ ನಿಲ್ಲುತ್ತಿದ್ದ ಜಾಗದಲ್ಲಿ ಹುಲ್ಲು ಬಂತು. ನಾನು ಟೈಪು ಮಾಡಲು ಕಾಗದವೇ ಇಲ್ಲದೆ ಹಳೆಯ ರಿಬ್ಬನ್ನು ಸುತ್ತುತ್ತ ಕೂರುತ್ತಿದ್ದೆ.

ಶೆಡ್ಡಿನಲ್ಲಿದ್ದವರಲ್ಲಿ ಹೆಚ್ಚಿನವರು ಮುಳುಗಡೆಯವರು, ಹಿನ್ನೀರಿಗೆ ಊರು ಬಿಟ್ಟು ಬಂದವರು. ಅವರೆಲ್ಲರಿಗೂ ಹಿರಿಯ ನಮ್ಮ ದೊಡ್ಡ ಮೇಸ್ತ್ರಿ. ಬೇಸಿಗೆಯಲ್ಲಿ ನೀರು ಇಳಿದಾಗ ಅವನ ಮನೆಯ ಮೆಟ್ಟಿಲು ಕಾಣುತ್ತಿತ್ತಂತೆ. ವರ್ಷಕ್ಕೊಮ್ಮೆ ಹೋಗಿ, ಅದರ ಮೇಲೆ ಕೂತು ಒಂದು ಬೀಡಿ ಸೇದಿ ಬರುತ್ತಿದ್ದ. ಅವನೇ ಒಂದು ಸಂಜೆ ಎಲ್ಲರ ಪರವಾಗಿ ಅಮ್ಮನ ಮುಂದೆ ಬಂದು ನಿಂತ.

"ಮಂತ್ರಿಗಳು ಸಾಗರಕ್ಕೆ ಬರ್ತಾರಂತೆ ಅಮ್ಮಾ. ನೀವು ಹೋಗಿ ಕೇಳ್ಬೇಕು."

"ಎಂತ ಕೇಳದು?"

"ಸರ್ಕಾರ ಶೆಡ್ಡಿಗೆ ಒಂದು ಕೈ ಹಚ್ಚಲಿ ಅಂತ."

ಅಮ್ಮ ಪೆನ್ಸಿಲ್ ಎಳೆದರು, ಆದರೆ ಗೀಟು ಹಾಕಲಿಲ್ಲ. "ಅದು ನಮ್ಮನೆಯವ್ರು ಕಟ್ಟಿದ ಶೆಡ್ಡು. ನಡ್ಸಕ್ಕೆ ಆಗ್ದಿದ್ರೆ ಬಾಗ್ಲು ಹಾಕದು. ಊರಿನವ್ರ ತೆರಿಗೆ ದುಡ್ಡು ನನ್ನ ಶೆಡ್ಡಿಗೆ ಯಾಕೆ ಹಾಕ್ಬೇಕು? ನಾಳೆ ಸೋಡಾ ಫ್ಯಾಕ್ಟ್ರಿಯವ್ನೂ ಕೇಳ್ತಾನೆ."

ಮೇಸ್ತ್ರಿ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ನಮ್ಮೂರು ಮುಳುಗ್ಸಕ್ಕೆ ಮುಂಚೆ ಸರ್ಕಾರ ನಮ್ಮನ್ನ ಕೇಳಿತ್ತನ ಅಮ್ಮಾ? ದೇಶಕ್ಕೆ ಕರೆಂಟು ಬೇಕು ಅಂದ್ರು, ಎದ್ದು ಬಂದ್ವಿ. ದೇಶದ ಕಷ್ಟಕ್ಕೆ ನಾವು ಬೇಕು, ನಮ್ಮ ಕಷ್ಟಕ್ಕೆ ದೇಶ ಬ್ಯಾಡನ? ಶೆಡ್ಡು ನಿಮ್ದು, ಹೌದು. ಬಾಗ್ಲು ಹಾಕಿ ನೀವು ತೀರ್ಥಳ್ಳಿಗೆ ಹೋಗ್ತೀರಿ. ನಾವು ಹೋಗಕ್ಕೆ ಊರು ಎಲ್ಲೈತೆ?"

ಗರಗಸಗಳೆಲ್ಲ ನಿಂತಿದ್ದವು. ಅಮ್ಮ ಪೆನ್ಸಿಲನ್ನು ಮತ್ತೆ ತುರುಬಿಗೆ ಸಿಕ್ಕಿಸಿ ಎದ್ದು ಹೋದರು. ಮರುದಿನ ಬೆಳಿಗ್ಗೆ ಅಡಿಗೆ ಮಾಡುತ್ತಿದ್ದ ನನ್ನನ್ನು ಬಾಗಿಲಿಗೆ ಕರೆದು, "ನಿನ್ನ ಒಳ್ಳೇ ಸೀರೆ ಉಟ್ಕೊಂಡು ಬಾ. ನಂಗೆ ಒಬ್ಳೇ ಹೋಗಕ್ಕೆ ನಾಚಿಕೆ ಆಗ್ತದೆ" ಎಂದರು.

ಪ್ರವಾಸಿ ಮಂದಿರದ ಜಗಲಿಯಲ್ಲಿ ಜನವೋ ಜನ. ನಮ್ಮ ಸರದಿ ಬಂದಾಗ ಅಮ್ಮ ನನ್ನನ್ನೇ ಮುಂದೆ ಬಿಟ್ಟರು. ನಾನು ಟೈಪು ಮಾಡಿದ ಅರ್ಜಿಯ ಮೇಲೆ ಮಂತ್ರಿಗಳು ಕಣ್ಣಾಡಿಸಿದರು. ಒರಟರೇನಲ್ಲ, ಒಳ್ಳೆಯ ಮಾತಿನಲ್ಲೇ ಹೇಳಿದರು.

"ನೋಡಿ ತಾಯಿ, ಬೇರೆ ದೇಶಗಳಲ್ಲಿ ದೊಡ್ಡ ಕಾರು ಕಂಪನಿ ಮುಳುಗಿದರೆ ಸರ್ಕಾರ ಎತ್ತುತ್ತದೆ ಅಂತ ಪೇಪರಿನಲ್ಲಿ ಓದ್ತೀವಿ. ಅದು ಸಾವಿರಾರು ಜನರ ಪ್ರಶ್ನೆ. ಇದು ಸಣ್ಣ ಶೆಡ್ಡು. ವ್ಯಾಪಾರ ಅಂದಮೇಲೆ ಏಳೋದು ಬೀಳೋದು ಇದ್ದದ್ದೇ."

ಅಮ್ಮ ತಲೆ ತಗ್ಗಿಸಿಯೇ ನಿಂತಿದ್ದರು. ಆಯಿತು ಎಂದು ಕೈ ಮುಗಿದು ತಿರುಗುತ್ತಾರೆ ಅಂದುಕೊಂಡೆ.

"ದೊಡ್ಡ ಮರ ಬಿದ್ರೆ ಸದ್ದಾಗ್ತದೆ, ಎಲ್ರೂ ಓಡಿ ಬರ್ತಾರೆ" ಎಂದರು, ಮೆಲ್ಲಗೆ. "ಸಣ್ಣ ಮರದಲ್ಲೂ ಗೂಡಿರ್ತದಲ್ಲ ಸ್ವಾಮಿ. ಇವ್ರು ಒಂದ್ಸಲ ಮುಳುಗಿ ಎದ್ದವ್ರು. ಇನ್ನೊಂದ್ಸಲ ಮುಳುಗ್ಸಬೇಡಿ."

ಮಂತ್ರಿಗಳು ಪಕ್ಕದಲ್ಲಿದ್ದ ಅಧಿಕಾರಿಯ ಮುಖ ನೋಡಿದರು. ಅರ್ಜಿ ಆ ಕೈಯಿಂದ ಈ ಕೈಗೆ ಹೋಯಿತು. ಹೊರಗೆ ಬಂದ ಮೇಲೆ ಅಮ್ಮ ಮೆಟ್ಟಿಲ ಮೇಲೆ ಕೂತು, ಬಿಕ್ಕಿ ಬಿಕ್ಕಿ ಅತ್ತರು. ಯಜಮಾನರು ಹೋದಾಗಲೂ ಹೀಗೆ ಅತ್ತಿರಲಿಲ್ಲವೆಂದು ಆಮೇಲೆ ಮೇಸ್ತ್ರಿ ಹೇಳಿದ.

ಮಳೆಗಾಲ ಕಳೆದ ಮೇಲೆ ಉತ್ತರ ಬಂತು. ಸಹಾಯ ಕೊಡುತ್ತಾರಂತೆ. ಆದರೆ ಶೆಡ್ಡು ಸಾಗರದಲ್ಲಿ ಇರುವಂತಿಲ್ಲ. ಶಿವಮೊಗ್ಗದ ಕೈಗಾರಿಕಾ ವಸಾಹತಿಗೆ ಹೋಗಬೇಕು, ಕೆಲಸಗಾರರು ಸೇರಿ ಸಹಕಾರ ಸಂಘ ಮಾಡಿಕೊಳ್ಳಬೇಕು, ಯಂತ್ರ ಸಾಮಾನುಗಳೆಲ್ಲ ಸಂಘಕ್ಕೆ ಸೇರಬೇಕು. ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿ ಓದಿ ಹೇಳಿದೆ. ಅಂದರೆ ಅಮ್ಮನದೆಂಬುದು ಅಲ್ಲಿ ಏನೂ ಉಳಿಯುವುದಿಲ್ಲ.

"ಬ್ಯಾಡ ಅಂತ ಬರೀರಿ" ಎಂದ ಮೇಸ್ತ್ರಿ. "ಎದ್ದು ಹೋಗದು ನಂಗೆ ಸಾಕಾಗೈತೆ. ಅದೂ ಅಲ್ದೆ ಇದು ನಿಮ್ಮ ಶೆಡ್ಡನ್ನ ನಾವು ಕಿತ್ಕೊಂಡಂಗೆ."

ಅಮ್ಮ ಕೆಲಸದ ಹುಡುಗರ ಕಡೆ ತಿರುಗಿದರು. ಹೊಸದಾಗಿ ಮದುವೆಯಾದವರು, ತಂಗಿಯಂದಿರ ಮದುವೆ ಮಾಡಬೇಕಾದವರು. ಅವರೆಲ್ಲ ನೆಲ ನೋಡುತ್ತಿದ್ದರು. "ನೀವು ಹೋಗ್ತೀರಲ್ಲ?" ಎಂದು ಕೇಳಿದರು. ಯಾರೂ ಹೌದೆನ್ನಲಿಲ್ಲ. ಇಲ್ಲವೆನ್ನುವವರೂ ಇರಲಿಲ್ಲ.

"ಮತ್ತೆ ಎಂತಕ್ಕೆ ಕೇಳಿದ್ದು ನಾನು? ನನ್ನ ಹೆಸ್ರು ಉಳ್ಸಕ್ಕನ?" ಎಂದರು ಅಮ್ಮ. "ಕಟ್ಟಿದ ಬಸ್ಸನ್ನೆಲ್ಲ ಬೇರೆಯವ್ರಿಗೇ ಕೊಟ್ಟಿದ್ದು. ಇದೂ ಹೋಗ್ಲಿ."

ಸಾಮಾನು ತುಂಬಿದ ಲಾರಿ ಹೊರಟ ದಿನ ಅವರು ಹುಡುಗರಿಗೆ ಒಬ್ಬಟ್ಟು ಮಾಡಿ ಬಡಿಸಿದರು. ಲಾರಿ ಕಣ್ಮರೆಯಾಗುವವರೆಗೂ ನಗುನಗುತ್ತಲೇ ನಿಂತಿದ್ದರು. ಆಮೇಲೆ ಶೆಡ್ಡಿನೊಳಗೆ ಹೋಗಿ ಬರಿದಾದ ನೆಲ ಗುಡಿಸಲು ಶುರು ಮಾಡಿದರು. ನಾನು ಪೊರಕೆ ತೆಗೆದುಕೊಳ್ಳಲು ಹೋದರೆ ಕೊಡಲಿಲ್ಲ. ಮೇಸ್ತ್ರಿಯೂ ಅವನ ಓರಗೆಯ ಇಬ್ಬರು ಮುದುಕರೂ ಸಾಗರದಲ್ಲೇ ಉಳಿದರು. ಅವರನ್ನಿಟ್ಟುಕೊಂಡು ಅಮ್ಮ ಅಲ್ಲಿಯೇ ಶಾಲೆಗಳಿಗೆ ಬೆಂಚು ಮಾಡಿಸತೊಡಗಿದರು. ಬೆಂಚಿನ ಮೇಲೂ ಕೂತು ನೋಡಿಯೇ ಕಳಿಸುವುದು.

ಅವರು ಮಾಡಿದ್ದು ಸರಿಯೇ ತಪ್ಪೇ ಎಂದು ಊರಿನಲ್ಲಿ ಬಹಳ ದಿನ ಚರ್ಚೆ ನಡೆಯಿತು. ನಮ್ಮ ಮನೆಯಲ್ಲೂ ನಡೆಯಿತು. ಸರ್ಕಾರ ಇಂಥದ್ದಕ್ಕೆಲ್ಲ ಕೈ ಹಾಕಬಾರದು ಎಂದು ನಮ್ಮವರು, ಹಾಕದಿದ್ದರೆ ಸರ್ಕಾರ ಯಾಕಿರಬೇಕು ಎಂದು ನಾನು. ಒಮ್ಮೆ ಅಮ್ಮನ ಎದುರಿಗೇ ಜಗಳ ಬಂತು. ಅವರು ಕಾಫಿ ಕುಡಿದು ಲೋಟ ಕೆಳಗಿಟ್ಟು, "ಮುಳುಗೋನಿಗೆ ಹಗ್ಗ ಹಾಕ್ಲೇಬೇಕು. ಆದ್ರೆ ಹಗ್ಗದ ಆ ತುದಿ ಹಿಡ್ಕೊಂಡವ್ನು ತಾನು ನಿಂತ ಕಡೆಗೇ ಎಳೀತಾನೆ. ಅದು ಗೊತ್ತಿದ್ದೇ ಹಿಡೀಬೇಕು" ಎಂದರು. ನಮ್ಮಿಬ್ಬರಿಗೂ ನಾವೇ ಗೆದ್ದಂತಾಯಿತು.

ಶಿವಮೊಗ್ಗದ ಸಂಘ ಕೆಲವು ಕಾಲ ಚೆನ್ನಾಗಿಯೇ ನಡೆಯಿತು. ಆಮೇಲೆ ಅಲ್ಲಿಯೂ ಬಸ್ಸುಗಳು ಬರುವುದು ಕಡಿಮೆಯಾಯಿತು. ಒಂದು ಬೇಸಿಗೆಯಲ್ಲಿ ಇಬ್ಬರು ಹುಡುಗರು ಅಮ್ಮನನ್ನು ಹುಡುಕಿಕೊಂಡು ಬಂದರು. ಅವರ ಮೀಸೆಯಲ್ಲಿ ಆಗಲೇ ಬಿಳಿ ಇಣುಕುತ್ತಿತ್ತು. ಶೆಡ್ಡು ಬಿಟ್ಟು ಇಷ್ಟು ಕಾಲವಾದ ಮೇಲೂ ಅವರಿಗೆ ಏನೊಂದನ್ನೂ ಬಾಯಿಬಿಟ್ಟು ಕೇಳಲು ಬರುತ್ತಿರಲಿಲ್ಲ. ಅಮ್ಮನೇ ಅರ್ಥ ಮಾಡಿಕೊಂಡರು. ಆಗ ಅವರಿಗೆ ಉಬ್ಬಸ, ನಾಲ್ಕು ಹೆಜ್ಜೆ ನಡೆದರೆ ನಿಂತು ಸುಧಾರಿಸಿಕೊಳ್ಳಬೇಕು. ತೀರ್ಥಹಳ್ಳಿಯಿಂದ ತಮ್ಮ ಬಂದು ಕರೆಯುತ್ತಿದ್ದರೂ ಹೋಗಿರಲಿಲ್ಲ. ಶಿವಮೊಗ್ಗಕ್ಕೆ ಜೊತೆಗೆ ಬಾ ಎಂದು ನನಗೆ ಹೇಳಿ ಕಳಿಸಿದರು. ಈ ಸಲ ಒಳ್ಳೆಯ ಸೀರೆಯ ಮಾತು ಬರಲಿಲ್ಲ.

ಶಿವಮೊಗ್ಗದ ಕಚೇರಿಯಲ್ಲಿ ಬೆಳಗಿನಿಂದ ಕಾದೆವು. ಕೊನೆಗೆ ಒಳಗೆ ಕರೆದ ಅಧಿಕಾರಿ ಚಿಕ್ಕ ಪ್ರಾಯದವರು. ಅಮ್ಮ ಏದುಸಿರಿನಲ್ಲೇ ಎಲ್ಲ ವಿವರಿಸಿದರು. ಸರ್ಕಾರದ ಬಸ್ಸುಗಳ ರಿಪೇರಿ ಕೆಲಸವಾದರೂ ಈ ಹುಡುಗರಿಗೆ ಸಿಗಲಿ ಎಂದರು. ಅಧಿಕಾರಿ ಕಾಗದ ತಿರುವಿ ಹಾಕಿ, "ಸಂಘದಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ. ಇದಕ್ಕೂ ನಿಮಗೂ ಏನು ಸಂಬಂಧ?" ಎಂದು ಕೇಳಿದರು.

"ಎಂತದೂ ಇಲ್ಲ ಸ್ವಾಮಿ" ಎಂದರು ಅಮ್ಮ. "ಅದಕ್ಕೇ ಈ ಸಲ ಕೇಳಕ್ಕೆ ನಾಚಿಕೆ ಆಗ್ಲಿಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟು, ಎದ್ದು ಬಂದು ಅವರಿಗೆ ಕುರ್ಚಿ ಹಾಕಿದರು. ನೀರು ತರಿಸಿದರು.

ಸ್ವಲ್ಪ ರಿಪೇರಿ ಕೆಲಸ ಸಿಕ್ಕಿತು. ಸಂಘ ಇನ್ನೂ ಕೆಲವು ವರ್ಷ ಉಸಿರಾಡಿತು, ಹುಡುಗರು ಒಬ್ಬೊಬ್ಬರಾಗಿ ಬೇರೆ ಬೇರೆ ಕಡೆ ನೆಲೆ ಕಂಡುಕೊಳ್ಳುವವರೆಗೆ. ಅಮ್ಮ ಅದನ್ನು ನೋಡಲಿಲ್ಲ. ಆ ಶ್ರಾವಣದಲ್ಲಿ ಉಬ್ಬಸ ಹೆಚ್ಚಾಗಿ ತಮ್ಮ ತೀರ್ಥಹಳ್ಳಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಮರ ಬಿದ್ದು ಬಸ್ಸು ನಿಂತಿತ್ತು, ನಾನು ಹೋಗಿ ಮುಟ್ಟುವಾಗ ಎಲ್ಲ ಮುಗಿದಿತ್ತು. ಶಿವಮೊಗ್ಗದಿಂದ ಬಂದ ಹುಡುಗರು ಹೊಳೆಯ ದಂಡೆಯಲ್ಲಿ ಸಾಲಾಗಿ ಕೂತಿದ್ದರು. ಮೇಸ್ತ್ರಿ ನನ್ನನ್ನು ಕಂಡು, "ತಾಯಿ ಹೋದ್ರು" ಎಂದಷ್ಟೇ ಹೇಳಿದ.

ಅಲ್ಲಿಂದೀಚೆಗೆ ನಾನು ಎಷ್ಟೋ ಮೇಜುಗಳ ಮುಂದೆ ನಿಂತಿದ್ದೇನೆ. ಪಿಂಚಣಿ ಬಾರದ ಮುದುಕಿಗಾಗಿ, ಹಾಸ್ಟೆಲ್ಲಿನಲ್ಲಿ ಜಾಗ ಸಿಗದ ಹುಡುಗಿಗಾಗಿ, ಕಂಡು ಕೇಳರಿಯದವರಿಗಾಗಿ. ಜಗಲಿಗೆ ಬಂದವರ ಎದುರು ತಲೆ ಎತ್ತದಿದ್ದ ಸೊಸೆ ನಾನು. ಮೇಜಿನ ಆಚೆ ಕೂತವರು ಇವತ್ತಿಗೂ ಅದನ್ನೇ ಕೇಳುತ್ತಾರೆ, ಇವರಿಗೂ ನಿಮಗೂ ಏನು ಸಂಬಂಧ ಎಂದು.

ಎಂತದೂ ಇಲ್ಲ ಎನ್ನುತ್ತೇನೆ. ಕುರ್ಚಿ ಎಳೆದುಕೊಂಡು ಕೂರುತ್ತೇನೆ.