ಬಾಗಿಲಿಗಿಂತ ಒಂದು ಗೇಣು ಅಗಲ

ನಮ್ಮ ಬೀದಿಯ ತುದಿಯಲ್ಲಿದ್ದ ಕಬ್ಬಿಣದ ಕೆಲಸದವನನ್ನು ಎಲ್ಲರೂ ಬಾಗಿಲಣ್ಣ ಎಂದೇ ಕರೆಯುತ್ತಿದ್ದರು. ಅವನು ಮಾಡುತ್ತಿದ್ದುದು ಮಾತ್ರ ಬಾಗಿಲಲ್ಲ. ಅಂಗಳದಲ್ಲಿ ಕೆಂಡ ಹಾಕಿ, ಮನೆಮಂದಿಯೆಲ್ಲ ಸುತ್ತ ನಿಂತು ಜೋಳದ ತೆನೆಯನ್ನೋ ಕೋಳಿಯ ತುಂಡನ್ನೋ ಸುಟ್ಟು ತಿನ್ನುವ ಗ್ರಿಲ್‌ಗಳನ್ನು ಮಾಡುತ್ತಿದ್ದ. ಯಾರೇ ಹೋಗಿ ಒಂದು ಗ್ರಿಲ್ ಬೇಕೆಂದರೂ, ಎಷ್ಟು ಜನ ಉಣ್ಣುತ್ತೀರಿ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದೆಲ್ಲ ವಿಚಾರಿಸಿ, ಕೊನೆಗೆ ಮನೆಯ ಬಾಗಿಲು ಎಷ್ಟು ಅಗಲ ಎಂದು ಕೇಳುತ್ತಿದ್ದ. ಗೊತ್ತಿಲ್ಲವೆಂದರೆ ಟೇಪು ಹಿಡಿದು ತಾನೇ ಹೊರಡುತ್ತಿದ್ದ. ಆ ಹೆಸರು ಬಂದದ್ದು ಹಾಗೆ.

ಮೊಮ್ಮಕ್ಕಳು ರಜೆಗೆ ಬರುತ್ತಾರೆಂದು ನಾನೂ ಒಂದು ಮಾಡಿಸಲು ಹೋದೆ. ಗ್ಯಾಸಿನದು ಒಳ್ಳೆಯದೋ ಕೆಂಡದ್ದೋ ಎಂದು ಕೇಳಿದ್ದಕ್ಕೆ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗ್ಯಾಸಿನದು ಅವಸರದವರಿಗೆ ಮೇಷ್ಟ್ರೇ. ನಿಮಗೆ ರಿಟೈರ್ ಆಗಿದೆ, ಕೆಂಡದ್ದೇ ಇರಲಿ" ಎಂದ. ತೆಳು ತಗಡು ಬೇಡ, ಎರಡು ವರ್ಷಕ್ಕೆ ತಳ ಸುಟ್ಟು ಹೋಗುತ್ತದೆ. ಜಾಲರಿಯ ಅರ್ಧ ಭಾಗದ ಕೆಳಗೆ ಕೆಂಡ ಹಾಕಬಾರದು, ಬೆಂದದ್ದನ್ನು ಸರಿಸಿಡಲು ಜಾಗ ಬೇಕು. ಮಹಡಿ ಮನೆಯವರು ಇದರ ಆಸೆಯನ್ನೇ ಬಿಡಬೇಕು ಎಂದೂ ಹೇಳಿದ. ಆಮೇಲೆ ಬಂದು ನಮ್ಮ ಹಿತ್ತಿಲ ಬಾಗಿಲನ್ನು ಅಳೆದುಕೊಂಡು ಹೋದ.

ಗ್ರಿಲ್ ಚೆನ್ನಾಗಿಯೇ ಬಂತು. ಕಾಲುಗಳು ಮಾತ್ರ ನಾಲ್ಕು ದಿಕ್ಕಿಗೂ ಚಾಚಿ, ಮೈಮುರಿಯುತ್ತಿರುವ ನಾಯಿಯ ಹಾಗೆ ಕಾಣುತ್ತಿದ್ದವು. ಮಳೆ ಬಂದಾಗ ಒಳಗಿಡೋಣವೆಂದು ನಾನೂ ನನ್ನ ಹೆಂಡತಿಯೂ ಎತ್ತಿ ತಂದರೆ ಅಡ್ಡ ಹಿಡಿದರೂ ಹೋಗದು, ಉದ್ದ ಹಿಡಿದರೂ ಹೋಗದು. "ಬಾಗಿಲು ಅಳೆದೂ ಹೀಗೆ ಮಾಡಿದ್ದಾನಲ್ಲ, ಇವನಿಗೆ ಲೆಕ್ಕ ಕಲಿಸಿದ್ದು ನೀವೇ ಏನು?" ಎಂದು ಅವಳು ನನ್ನನ್ನೇ ಛೇಡಿಸಿದಳು.

ಕಾಲು ಕತ್ತರಿಸಿಕೊಡು ಎಂದು ಕೇಳಲು ಮರುದಿನ ಅಂಗಡಿಗೆ ಹೋದೆ. ಅವನು ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸಿ, ಕೈಯಲ್ಲಿದ್ದುದನ್ನು ಕೆಳಗಿಟ್ಟ. ಆಮೇಲೆ, ತಪ್ಪಿ ಹಾಗಾದದ್ದಲ್ಲ, ಬಾಗಿಲಿಗಿಂತ ಒಂದು ಗೇಣು ಅಗಲ ಇರಲೆಂದೇ ಮಾಡಿದ್ದು, ಇದುವರೆಗೆ ಎಲ್ಲರಿಗೂ ಹಾಗೆಯೇ ಮಾಡಿಕೊಟ್ಟಿದ್ದೇನೆ ಎಂದ. ಅವನ ತಮ್ಮ ಕೆಂಡದ ಹೊಗೆಯಿಂದ ಸತ್ತ ಸಂಗತಿ ನಮ್ಮ ವಯಸ್ಸಿನವರಿಗೆಲ್ಲ ಗೊತ್ತಿತ್ತು. ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಅಂಗಡಿಯನ್ನು ಅಣ್ಣತಮ್ಮಂದಿರು ಸೇರಿ ಕಟ್ಟಿದ್ದು. ಸಂಜೆ ಅಂಗಳದಲ್ಲಿ ಕೆಂಡ ಹಾಕಿದರೆ ಸುಡುವ ಕೆಲಸ ತಮ್ಮನದು. ಬೆಂದ ಕೂಡಲೇ ಇಕ್ಕಳದಿಂದ ಮುಚ್ಚಳದ ಮೇಲೆ ಟಣ್ ಟಣ್ ಎಂದು ಎರಡು ಸಲ ತಟ್ಟುತ್ತಿದ್ದ. ಮಕ್ಕಳು ಎಲ್ಲಿದ್ದರೂ ಓಡಿ ಬರುತ್ತಿದ್ದರು. ಒಂದು ಸಂಜೆ ನಡುವೆಯೇ ಮಳೆ ಹಿಡಿಯಿತು. ಇಬ್ಬರೂ ಗ್ರಿಲ್ಲನ್ನು ಎರಡು ತುದಿಯಲ್ಲಿ ಹಿಡಿದು ಸಾಮಾನಿನ ಶೆಡ್ಡಿಗೆ ಸಾಗಿಸಿದರು. ಬಾಗಿಲು ತೆರೆದೇ ಇತ್ತು. ಎಲ್ಲರೂ ಅಲ್ಲಿಯೇ ನಿಂತು ನಗುನಗುತ್ತ ತಿಂದರು. ಹೆಂಗಸರು ಮಕ್ಕಳು ಮನೆಯೊಳಗೆ ಹೋದ ಮೇಲೂ ತಮ್ಮ, ಅಂಗಿ ಒಣಗಲಿ ಎಂದು ಕೆಂಡದ ಪಕ್ಕ ಕೂತ. ಸ್ವಲ್ಪ ಹೊತ್ತಿನ ಮೇಲೆ ಅಣ್ಣ ಹೋಗಿ ನೋಡಿದರೆ, ಗೋಣಿಚೀಲದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಎರಚಲು ಅವನ ಕಾಲಿಗೆ ಹೊಡೆಯುತ್ತಿತ್ತು.

"ನೆನೀತಾನಲ್ಲ ಅಂತ ಬಾಗಿಲು ಎಳೆದೆ ಮೇಷ್ಟ್ರೇ. ಚಿಲಕ ಕೂಡ ಹಾಕಲಿಲ್ಲ. ಬರೀ ಎಳೆದೆ."

ಕೆಂಡದ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಳಗ್ಗೆ ಬಾಗಿಲು ತೆರೆದಾಗ ತಮ್ಮನ ಮುಖ ಬೆಂಕಿಯ ಮುಂದೆ ಕೂತವನ ಮುಖದ ಹಾಗೆ ಕೆಂಪಗಿತ್ತಂತೆ. ಇನ್ನೂ ಮಲಗಿದ್ದಾನೆಂದುಕೊಂಡು ಅಣ್ಣ ಅವನನ್ನು ಗದರಿಸಿ ಎಬ್ಬಿಸಲು ನೋಡಿದನಂತೆ.

ಅಂದಿನಿಂದ ಅವನು ಗ್ರಿಲ್ಲಿಗೆ ಮುಚ್ಚಳ ಮಾಡುವುದನ್ನು ಬಿಟ್ಟ. ಆದರೂ ಮುಚ್ಚಳದ ಸದ್ದು ಅವನನ್ನು ಬಿಡಲಿಲ್ಲ. ಅಂಗಡಿಯಲ್ಲಿ ಒಬ್ಬನೇ ಇದ್ದಾಗ ಹಿಂದಿನ ಶೆಡ್ಡಿನಿಂದ ಟಣ್ ಟಣ್ ಎನ್ನುವುದು. ಎದ್ದು ಹೋಗಿ ನೋಡಿದರೆ ಏನೂ ಇಲ್ಲ. ಮಳೆ ಬಂದ ಸಂಜೆಗಳಲ್ಲಿ ಅವನು ಕೊಡೆ ಹಿಡಿದು ಬೀದಿ ಬೀದಿ ಸುತ್ತುತ್ತ, ಬೇಲಿಗಳ ಮೇಲಿಂದ ಅಂಗಳಗಳೊಳಗೆ ಇಣುಕುವುದನ್ನು ನಾವೆಲ್ಲ ಕಂಡಿದ್ದೆವು. ತಾನು ಮಾಡಿದ ಮಾಲು ತುಕ್ಕು ಹಿಡಿಯುತ್ತದೆಂಬ ಚಿಂತೆ ಎಂದು ನಗುತ್ತಿದ್ದೆವು. ಅವನು ನೋಡುತ್ತಿದ್ದುದು ಅವು ನೆನೆಯುತ್ತಿವೆಯೋ ಇಲ್ಲವೋ ಎಂದು. ನೆನೆಯುತ್ತಿದ್ದರೆ ಸಮಾಧಾನ.

ನಾನು ಕಾಲು ಕತ್ತರಿಸುವ ಮಾತನ್ನು ಮತ್ತೆ ಎತ್ತಲಿಲ್ಲ.

ತಮ್ಮನ ಮಗಳು ಅವನ ಮನೆಯಲ್ಲಿಯೇ ಬೆಳೆದವಳು. ಶಾಲೆಯಲ್ಲಿ ನನ್ನ ಕೈಕೆಳಗೆ ಕಲಿತವಳು; ಪದ್ಯವನ್ನು ಬಾಯಿಪಾಠ ಹೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅಪ್ಪ ಹೇಗೆ ಸತ್ತನೆಂಬುದನ್ನು ಅವಳಿಂದ ಯಾರೂ ಬಚ್ಚಿಟ್ಟಿರಲಿಲ್ಲ. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಅವಳು ಅಂಗಳವಿರುವ ಹೊಸ ಮನೆಗೆ ಹೋದಳು. ಹೋದ ಕೂಡಲೇ ದೊಡ್ಡಪ್ಪನನ್ನು ಒಂದು ಗ್ರಿಲ್ ಕೇಳಿದಳು. ಮುಚ್ಚಳ ಇರುವುದೇ ಬೇಕೆಂದಳು.

ಅವನು ತಗಡು ಬಂದಿಲ್ಲವೆಂದ, ಕರೆಂಟು ಸರಿಯಿಲ್ಲವೆಂದ, ಮೊಣಕೈ ನೋವೆಂದ. ಒಂದು ಮಧ್ಯಾಹ್ನ ನಾನು ಅಲ್ಲಿರುವಾಗಲೇ ಅವಳು ಅಂಗಡಿಗೆ ಬಂದಳು.

"ಊರಿಗೆಲ್ಲ ಮಾಡಿಕೊಡ್ತೀರಿ ದೊಡ್ಡಪ್ಪ. ನನ್ನ ಮನೆ ಅಂದ್ರೆ ಮಾತ್ರ ಮೊಣಕೈ ನೋವು."

"ವಯಸ್ಸಾಯ್ತಲ್ಲಮ್ಮ."

"ನನಗೆ ಅಪ್ಪನ ಮುಖ ನೆನಪಿಲ್ಲ. ಇಕ್ಕಳ ಹಿಡಿದ ಕೈ ನೆನಪಿದೆ, ಆ ಟಣ್ ಟಣ್ ನೆನಪಿದೆ. ನನ್ನ ಮಕ್ಕಳಿಗೆ ತಾತಂದು ಅಂತ ಅಷ್ಟಾದ್ರೂ ಬೇಡ್ವಾ?" ಎಂದಳು. ಆಮೇಲೆ, ಈ ವಾರ ಆಗದಿದ್ದರೆ ದೊಡ್ಡ ಅಂಗಡಿಯಲ್ಲಿ ಚಕ್ರ ಇರುವ ಗ್ರಿಲ್ ಸಿಗುತ್ತದೆ, ಅದನ್ನೇ ತರುತ್ತೇನೆಂದು ಹೇಳಿ ಹೊರಟುಹೋದಳು.

ಚಕ್ರ ಎಂಬ ಮಾತು ಕೇಳಿ ಬಾಗಿಲಣ್ಣನ ಮುಖ ಕಳೆಗುಂದಿತು. ಕಾಲಿನಿಂದ ನೂಕಿದರೆ ಸಾಕು, ಒಳಗೆ ಹೋಗುತ್ತದೆ. ಅವನು ಅಂದೇ ನನ್ನನ್ನು ಜೊತೆಗೆ ಕರೆದುಕೊಂಡು ಅವಳ ಮನೆಗೆ ಹೊರಟ. ಅಲ್ಲಿ ನಡುಮನೆಗೂ ಅಂಗಳಕ್ಕೂ ನಡುವೆ ಗೋಡೆಯೇ ಇರಲಿಲ್ಲ. ಸರಿಸುವ ಗಾಜಿನ ಬಾಗಿಲು, ಈ ಮೂಲೆಯಿಂದ ಆ ಮೂಲೆಯವರೆಗೆ. ಅವನು ಟೇಪು ಎಳೆಯುತ್ತ ಎಳೆಯುತ್ತ ಹೋಗಿ, ಅರ್ಧದಲ್ಲಿಯೇ ಕೈಬಿಟ್ಟ. ಟೇಪು ಸರ್ರನೆ ಡಬ್ಬಿಯೊಳಗೆ ಸುತ್ತಿಕೊಂಡಿತು.

"ನೀವು ಯಾಕೆ ಅಳೀತೀರಿ ಅಂತ ನನಗೆ ಗೊತ್ತು. ಇದಕ್ಕಿಂತ ಅಗಲದ್ದು ಮಾಡಿದ್ರೆ ಅಂಗಳದಲ್ಲಿ ನಾವು ನಿಲ್ಲೋಕೇ ಜಾಗ ಇರಲ್ಲ ದೊಡ್ಡಪ್ಪ" ಎಂದಳು ಅವಳು ಮೆಲ್ಲಗೆ.

ಅವನು ಅಂಗಳದ ಕೊನೆಯವರೆಗೆ ನಡೆದುಹೋಗಿ ಹಿಂದಿರುಗಿ ನೋಡಿದ. ಮುಂದಿನ ವಾರವೆಲ್ಲ ಅಂಗಳದ ಆ ಕೊನೆಯ ಮೂಲೆಯಲ್ಲಿ ಗಾರೆಯವನೊಂದಿಗೆ ಕೂತು ಇಟ್ಟಿಗೆ ಕಟ್ಟಿಸಿದ. ನೆಲದಲ್ಲಿ ಬೇರೂರಿದ ಗ್ರಿಲ್; ಆನೆ ಬಂದರೂ ಅಲ್ಲಾಡದು. ಜಾಲರಿ ಮತ್ತು ಮುಚ್ಚಳ ಮಾತ್ರ ಕಬ್ಬಿಣದವು. ಮುಚ್ಚಳವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಮಾಡಿದ.

ಮೊದಲ ಸಲ ಕೆಂಡ ಹಾಕಿದ ಸಂಜೆ ನನ್ನನ್ನೂ ಕರೆದಿದ್ದರು. ನಾವಿಬ್ಬರೂ ಮುದುಕರು ಕುರ್ಚಿ ಹಾಕಿಕೊಂಡು ಕೂತೆವು. ಜೋಳದ ತೆನೆಗಳು ಬೆಂದವು. ಅವಳು ಇಕ್ಕಳವನ್ನೆತ್ತಿ ಮುಚ್ಚಳದ ಮೇಲೆ ಎರಡು ಸಲ ತಟ್ಟಿದಳು. ಮಕ್ಕಳು ಕೂಗುತ್ತ ಓಡಿ ಬಂದರು. ಬಾಗಿಲಣ್ಣನ ಕೈ ನನ್ನ ತೋಳನ್ನು ಹಿಡಿದಿತ್ತು. ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಕೋಳಿಯ ತುಂಡುಗಳನ್ನು ಇಟ್ಟು ಸ್ವಲ್ಪ ಹೊತ್ತಾಗಿತ್ತು, ಮಳೆ ಬಂತು. ಎಲ್ಲರೂ ಒಳಗೆ ಓಡಿದೆವು. ಅವಳ ಗಂಡ ಒಳ್ಳೆಯ ಹುಡುಗ. ಊಟ ಕೆಟ್ಟಿತಲ್ಲ ಎಂಬ ಪೇಚಾಟದಲ್ಲಿ ಒಂದು ದೊಡ್ಡ ತಗಡಿನ ಡಬ್ಬಿಯನ್ನೂ ಸಲಿಕೆಯನ್ನೂ ಹಿಡಿದು ಬಂದ.

"ಒಂದಿಷ್ಟು ಕೆಂಡ ಇದರಲ್ಲಿ ತಂದ್ಬಿಡ್ತೀನಿ. ಇಲ್ಲೇ ಮುಗಿಸೋಣ, ಮಕ್ಕಳಿಗೂ ಬೆಚ್ಚಗಿರುತ್ತೆ."

ನಾನು ಬಾಗಿಲಣ್ಣನ ಕಡೆ ನೋಡಿದೆ. ಅವನು ಆ ಡಬ್ಬಿಯನ್ನೇ ನೋಡುತ್ತಿದ್ದ. ಊರ ಬಾಗಿಲುಗಳನ್ನೆಲ್ಲ ಅಳೆದವನು, ಗ್ರಿಲ್ ಬಾರದಿದ್ದರೂ ಕೆಂಡ ಒಳಗೆ ಬರಬಹುದೆಂಬುದನ್ನು ಒಮ್ಮೆಯೂ ಯೋಚಿಸಿರಲಿಲ್ಲ.

"ಬೇಡ" ಎಂದಳು ತಮ್ಮನ ಮಗಳು. ದನಿ ಏರಿಸಲಿಲ್ಲ. ಗಂಡನ ಕೈಯಿಂದ ಡಬ್ಬಿಯನ್ನು ತೆಗೆದುಕೊಂಡಳು. "ಕೆಂಡ ಈ ಮನೆಯೊಳಗೆ ಬರಲ್ಲ. ಕೋಳಿ ಮಾತ್ರ ತನ್ನಿ, ಅಡುಗೆಮನೆಯಲ್ಲಿ ಬೇಯಿಸ್ತೀನಿ."

ಅವನು ಕೋಳಿಯ ತುಂಡುಗಳನ್ನು ತಂದ ಮೇಲೆ ಬಾಗಿಲಣ್ಣ ಕೊಡೆಯನ್ನೂ ತೆಗೆದುಕೊಳ್ಳದೆ ಅಂಗಳಕ್ಕಿಳಿದ. ಗ್ರಿಲ್ಲಿನ ಮುಚ್ಚಳವನ್ನು ಪೂರ್ತಿ ತೆರೆದು, ಮಳೆಗೆ ಕೆಂಡ ಚುಯ್ ಎನ್ನುತ್ತ ಕಪ್ಪಾಗುವುದನ್ನು ನೋಡುತ್ತ ನಿಂತ. ಎಲ್ಲವೂ ಆರಿದ ಮೇಲೆ ಮುಚ್ಚಳವನ್ನು ಇಳಿಸಿದ. ಅಷ್ಟರಲ್ಲಿ ಅವಳು ಕೊಡೆ ಹಿಡಿದು ಹೋಗಿ ಪಕ್ಕದಲ್ಲಿ ನಿಂತಿದ್ದಳು. ಇಬ್ಬರೂ ಒಂದೇ ಕೊಡೆಯಲ್ಲಿ ಹಿಂತಿರುಗಿ ಬಂದರು. ಹೊಸ್ತಿಲ ಹತ್ತಿರ ಬಂದವರು ಥಟ್ಟನೆ ನಿಂತು, ಒಟ್ಟಿಗೇ ತಿರುಗಿ ಅಂಗಳದ ಮೂಲೆಯ ಕಡೆ ನೋಡಿದರು. ನನ್ನ ಕಿವಿ ಮಂದ. ನನಗೇನಾದರೂ ಕೇಳಿಸಿತೆಂದು ನಾನು ಹೇಳಲಾರೆ.

"ಕಬ್ಬಿಣ ತಣ್ಣಗಾಗೋ ಸದ್ದು ಕಣಮ್ಮ" ಎಂದ ಬಾಗಿಲಣ್ಣ.

"ಇರಲಿ" ಎಂದಳು ಅವಳು.

ಎರಚಲು ನಡುಮನೆಯವರೆಗೂ ಬರುತ್ತಿತ್ತು. ಅಳಿಯ ಗಾಜಿನ ಬಾಗಿಲನ್ನು ಸರಿಸಿ ಮುಚ್ಚಲು ಎದ್ದ.

"ತೆಗೆದೇ ಇರಲಿ ರೀ" ಎಂದು ಅವಳು ನೆಲ ಒರೆಸುವ ಬಟ್ಟೆ ತಂದು ಹೊಸ್ತಿಲಿಗೆ ಹಾಸಿದಳು.