ಮೆಂಬರ್ರ ಬೆರಳು

ನಮ್ಮ ಮನೆಯಲ್ಲಿ ಚಹಾಕ್ಕೆ ಒಣಶುಂಠಿ, ಮೆಣಸು ಕುಟ್ಟುವುದು ಒಬ್ಬ ಮುಖಂಡರ ಬೆರಳಿನಿಂದ. ಹೆದರಬೇಡಿ, ಕಲ್ಲಿನ ಬೆರಳು. ಕರಿಕಲ್ಲಿನದು, ಹಿಡಿಯಲ್ಲಿ ಚೆನ್ನಾಗಿ ಕೂರುತ್ತದೆ, ತುದಿಯಲ್ಲಿ ಉಗುರನ್ನೂ ಕೆತ್ತಿದ್ದಾರೆ. ಆ ಉಗುರಿನ ಮೂಲೆಯಲ್ಲಿ ಮೆಣಸಿನ ಪುಡಿ ಸಿಕ್ಕಿಕೊಳ್ಳುವುದೊಂದೇ ಅದರ ದೋಷ. ಈ ಮನೆಗೆ ಬಂದ ಸೊಸೆಯರಿಗೆಲ್ಲ ಅದನ್ನು ಕಡ್ಡಿಯಿಂದ ತೆಗೆಯುವ ಪಾಠ ಮಾಡಿದ್ದೇನೆ.

ಇವತ್ತು ಬೆಳಿಗ್ಗೆ ಕುಟ್ಟಾಣಿಯ ಮುಂದೆ ಕೂತಿದ್ದೆ. ಮೆಣಸಿನ ಘಾಟು ಮೂಗಿಗೆ ಏರುತ್ತಿತ್ತು. ಆಗ ಬಿಳಿ ಅಂಗಿಯ ಇಬ್ಬರು ಯುವಕರು ಬಾಗಿಲಲ್ಲಿ ನಿಂತು ಕೈಮುಗಿದರು. ಈ ಬೇಸಿಗೆ ಹೊಳೆ ತೀರಾ ಇಳಿದಿದೆಯಂತೆ. ಮಡುವಿನಲ್ಲಿದ್ದ ಮೆಂಬರ್ರ ಮೂರ್ತಿಯನ್ನು ಟ್ರಾಕ್ಟರ್ ಕಟ್ಟಿ ಎಳೆಸಿದ್ದಾರಂತೆ. ಮೆಂಬರ್ರು ಹುಟ್ಟಿ ನೂರು ವರ್ಷ ಆಯಿತಂತೆ, ಬಸ್ ಸ್ಟ್ಯಾಂಡಿನ ಮುಂದೆ ನಿಲ್ಲಿಸುತ್ತಾರಂತೆ.

"ಎಲ್ಲಾ ಚಲೋ ಐತೆ ಅಜ್ಜಿ, ಬೆರಳೊಂದು ಇಲ್ಲ. ಅದು ನಿಮ್ಮನೇಲಿ ಐತೆ ಅಂತ ಕೇಳಿ ಬಂದ್ವಿ" ಎಂದ ಹಿರಿಯವನು.

"ಐತೆ. ಕೂತ್ಕಳ್ರಿ, ಚಾ ಮಾಡ್ತೀನಿ" ಅಂದೆ.

ನೀವೂ ಕೂತುಕೊಳ್ಳಿ. ಚಹಾ ಕುದಿಯುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ ಎಂದು ಮಾತು ಕೊಡಲಾರೆ. ನನ್ನ ಮಾತಿಗೆ ಕಾದು ಎಷ್ಟೋ ಚಹಾ ಆರಿಹೋಗಿವೆ.

ಮೆಂಬರ್ರ ಹೆಸರು ಮಾತ್ರ ಕೇಳಬೇಡಿ. ನಮ್ಮತ್ತೆ ಹಾಲಮ್ಮ ಸಾಯುವತನಕ ಆ ಹೆಸರು ನಾಲಿಗೆ ಮೇಲೆ ತರಲಿಲ್ಲ, ನಾನೂ ತರುವುದಿಲ್ಲ. ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಹೋಗಿದ್ದರು, ಅದಕ್ಕೇ ಹೊನ್ನಾಳಿಗೆಲ್ಲ ಅವರು ಮೆಂಬರ್ರು. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ಕೆಲಸವನ್ನೂ ಮಾಡಿದ್ದರು. ಹೆಣ್ಣುಮಕ್ಕಳ ಶಾಲೆ ತಂದವರು ಅವರೇ. ಕಾಲರಾ ಬಂದ ವರ್ಷ ಉಳ್ಳವರೆಲ್ಲ ತೋಟ ಸೇರಿಕೊಂಡಾಗ ಬೀದಿ ಬೀದಿ ತಿರುಗಿ ಬಾವಿಗೆ ಔಷಧಿ ಹಾಕಿಸಿದವರೂ ಅವರೇ. ಆ ಉಪಕಾರ ನೆನೆದು ಮೂವತ್ತರ ದಶಕದ ಕೊನೆಯಲ್ಲಿ ಊರವರು ಚಾವಡಿ ಮುಂದೆ ಅವರ ಮೂರ್ತಿ ನಿಲ್ಲಿಸಿದರು. ಮನುಷ್ಯ ಬದುಕಿರುವಾಗಲೇ. ನಾನು ಆಗ ಮದುವೆಯಾಗಿ ಬಂದು ವರ್ಷವಾಗಿರಲಿಲ್ಲ. ಸೆರಗಿನ ಸಂದಿಯಿಂದ ಎಲ್ಲ ನೋಡಿದೆ.

ಊರು ಎಡವಿದ್ದು ಅಲ್ಲಿಯೇ. ಮೂರ್ತಿ ಕೆತ್ತಲು ಹಿಡಿದದ್ದು ಸಂತೇಬೆನ್ನೂರಿನ ಒಬ್ಬ ಶಿಲ್ಪಿಯನ್ನು. ಹುಟ್ಟಿದಾಗಿನಿಂದ ದೇವರನ್ನು ಬಿಟ್ಟು ಇನ್ನೊಂದು ಕೆತ್ತಿದವನಲ್ಲ. ಚಪ್ಪಡಿ ಕಲ್ಲಿಗೆ ಬೆನ್ನು ಅಂಟಿದ ಹಾಗೆ ಆಳೆತ್ತರದ ಮೆಂಬರ್ರನ್ನು ಎಬ್ಬಿಸಿದ್ದ. ಮೈಮೇಲೆ ಕೋಟು, ತಲೆಮೇಲೆ ರುಮಾಲು, ಕಿವಿ ಮಾತ್ರ ಹೆಗಲಿಗೆ ಇಳಿಬಿದ್ದ ದೇವರ ಕಿವಿ. ಬಲಗೈ ಎತ್ತಿ, ಬೆರಳನ್ನು ಚಪ್ಪಡಿಯಿಂದ ಹೊರಗೆ ಚಾಚಿ, ತಾವು ತಂದ ಶಾಲೆಯ ಕಡೆ ತೋರಿಸುತ್ತಿದ್ದರು. ಕಣ್ಣು ತೆರೆಸುವ ಶಾಸ್ತ್ರ ಮಾಡದೆ ಮೂರ್ತಿ ಒಪ್ಪಿಸುವುದಿಲ್ಲ ಎಂದು ಶಿಲ್ಪಿ ಹಟ ಹಿಡಿದ. ಸರಿ, ಪೂಜಾರಿ ಬಂದರು, ಕಳಶ ಬಂತು, ಮೂರ್ತಿಯ ಕಣ್ಣಿಗೆ ಉಳಿ ಮುಟ್ಟಿಸಿ ಎದುರಿಗೆ ಕನ್ನಡಿ ಹಿಡಿದರು, ಕಾಯಿ ಒಡೆದರು. ಮೆಂಬರ್ರು ಪಕ್ಕದಲ್ಲೇ ನಿಂತು ತಮಗೆ ತಾವೇ ಕೈಮುಗಿದರು. ನಗು ತಡೆಯಲಾಗದೆ ನಾನು ಸೆರಗು ಕಚ್ಚಿಕೊಂಡೆ.

ಶಾಸ್ತ್ರ ಆದ ಮೇಲೆ ಕೇಳಬೇಕೆ? ಸೋಮವಾರ ಎಣ್ಣೆದೀಪ, ದಸರೆಗೆ ಹಾರ, ಪರೀಕ್ಷೆಗೆ ಮುಂಚೆ ಕಾಯಿ. ಮೈದುನ ಲೋವರ್ ಸೆಕೆಂಡರಿ ಪಾಸಾಗಲೆಂದು ನಾನೂ ದೀಪ ಹಚ್ಚಿದ್ದುಂಟು. ಅವನು ಫೇಲಾದ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಲವತ್ತೆರಡರಲ್ಲಿ ಚಳವಳಿ ನಮ್ಮ ಸೀಮೆಗೂ ಬಂತು. ನಮ್ಮ ಮಾವ ಬೆಲ್ಲ, ಮೆಣಸಿನಕಾಯಿ ಮಾರುತ್ತಿದ್ದ ಮೆತ್ತನೆಯ ಮನುಷ್ಯ. ಗಿರಾಕಿ ಬೈದರೂ ತಕ್ಕಡಿ ನೋಡುತ್ತಾ ನಗುವವರು. ಅವರೇ ಹೊನ್ನಾಳಿ, ನ್ಯಾಮತಿ ಗೋಡೆಗಳಿಗೆಲ್ಲ ಸರ್ಕಾರದ ವಿರುದ್ಧ ಚೀಟಿ ಅಂಟಿಸುತ್ತಿದ್ದರೆಂದು ನಮಗೆ ಗೊತ್ತಾದದ್ದು ಪೊಲೀಸರು ಹುಡುಕಿಕೊಂಡು ಬಂದಾಗ. ಅತ್ತೆ ಅವರನ್ನು ಅಟ್ಟದ ಮೇಲೆ ಮೆಣಸಿನಕಾಯಿ ಚೀಲಗಳ ಹಿಂದೆ ಅಡಗಿಸಿದರು. ಯೋಚಿಸಿ ನೋಡಿ, ಬ್ಯಾಡಗಿ ಮೆಣಸಿನಕಾಯಿಯ ಘಾಟಿನಲ್ಲಿ ಸೀನದೆ ಇರುವುದು! ಒದ್ದೆ ಪಂಚೆಯನ್ನು ಮೂಗು ಬಾಯಿಗೆ ಬಿಗಿದುಕೊಂಡು ಹಗಲೆಲ್ಲ ಬಿದ್ದುಕೊಂಡಿರುತ್ತಿದ್ದರು. ಅತ್ತೆ ಕೆಳಗೆ ಒಲೆಯ ಮುಂದೆ ಕೂತು, ಕೈ ಕೆಲಸ ಮಾಡುತ್ತಿದ್ದರೂ ಕಿವಿಯನ್ನು ಅಟ್ಟಕ್ಕೆ ಕೊಟ್ಟಿರುತ್ತಿದ್ದರು.

ಆಗ ಮೆಂಬರ್ರು ಮನೆಗೆ ಬಂದರು. ಖಾದಿ ತೊಟ್ಟಿದ್ದರು. "ಏನೂ ಹೆದರಬ್ಯಾಡ್ರಿ ಹಾಲಮ್ಮ, ನಾನಿದೀನಿ" ಎಂದರು. ಅತ್ತೆ ಅವರ ಕಾಲಿಗೆ ಬಿದ್ದು, "ಅಟ್ಟದಾಗೇ ಅದಾರೆ, ನೀವೇ ಕಾಪಾಡ್ರಿ" ಎಂದುಬಿಟ್ಟರು. ಮಾರನೆಯ ಬೆಳಿಗ್ಗೆ ಅತ್ತೆ ಅಡುಗೆಮನೆಯ ಕಿಟಕಿಯಿಂದ ಕಂಡದ್ದು ಇಷ್ಟು: ಚಾವಡಿ ಮೆಟ್ಟಿಲ ಮೇಲೆ ಇನ್‌ಸ್ಪೆಕ್ಟರ ಜೊತೆ ನಿಂತಿದ್ದ ಮೆಂಬರ್ರು ಬಲಗೈ ಎತ್ತಿ, ನಮ್ಮ ಅಟ್ಟದ ಬೆಳಕಿಂಡಿಗೆ ಬೆರಳು ಮಾಡಿದರು. ಬಂದ ಪೊಲೀಸರು ಕೋಣೆ ನೋಡಲಿಲ್ಲ, ಹಿತ್ತಲು ನೋಡಲಿಲ್ಲ, ನೆಟ್ಟಗೆ ಏಣಿ ಹಾಕಿದರು. ಸಂಜೆ ಮೆಂಬರ್ರೇ ಸಮಾಧಾನ ಹೇಳಲು ಬಂದು, ನಾನು ಕೊಟ್ಟ ಹಾಲು ಕುಡಿದು ಹೋದರು. ಆ ಲೋಟವನ್ನು ಅತ್ತೆ ತಿಪ್ಪೆಗೆ ಎಸೆದರು.

ಮಾವ ಜೈಲಿನಿಂದ ಕೆಮ್ಮು ಹೊತ್ತು ತಂದರು. ಮುಂದಿನ ಸುಗ್ಗಿ ಕಾಣಲಿಲ್ಲ. ಅತ್ತೆ ಕಂಡದ್ದನ್ನು ಕಂಡವರಿಗೆಲ್ಲ ಹೇಳಿದರು. ಯಾರು ನಂಬುತ್ತಾರೆ? ಕಾಲರಾದಲ್ಲಿ ಊರು ಕಾದವರು, ಖಾದಿ ತೊಟ್ಟವರು, ಕಲ್ಲಾಗಿ ನಿಂತು ದೀಪ ಹಚ್ಚಿಸಿಕೊಳ್ಳುತ್ತಿರುವವರು! ಬದಲಿಗೆ ಊರು ತಾನೇ ಒಂದು ಕತೆ ಕಟ್ಟಿತು. ಮೆಣಸಿನಕಾಯಿ ಘಾಟಿಗೆ ಮಾವ ಸೀನಿದರಂತೆ, ಪೊಲೀಸರಿಗೆ ಕೇಳಿತಂತೆ. ಸಂತೆಯಲ್ಲಿ ಯಾರಾದರೂ ಸೀನಿದರೆ "ಹುಷಾರಪ್ಪೋ, ಏಣಿ ತಂದಾರು" ಎಂದು ನಗುತ್ತಿದ್ದರು. ಅದನ್ನು ಕೇಳಿದಾಗೆಲ್ಲ ಅತ್ತೆ ನಿಂತು, ನಕ್ಕವನ ಮುಖ ನೋಡಿ, "ನನ್ನ ಗಂಡ ಸೀನ್ಲಿಲ್ಲ" ಎನ್ನುವರು. ಗಂಡ ಹೋದದ್ದಕ್ಕಿಂತ ಗಂಡನನ್ನು ನಗೆಪಾಟಲು ಮಾಡಿದ್ದೇ ಅತ್ತೆಯನ್ನು ಸುಟ್ಟಿತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಐದು ವರ್ಷ ಹೀಗೇ ಹೋಯಿತು. ಸ್ವಾತಂತ್ರ್ಯ ಬಂದ ವರ್ಷ, ಜಗಳೂರಿನ ಒಂದು ಮದುವೆಯ ಊಟದಲ್ಲಿ ನಿವೃತ್ತ ಪೊಲೀಸ್ ದಫೇದಾರನೊಬ್ಬ, ಹೊನ್ನಾಳಿಯಲ್ಲಿ ಯಾರ ಮನೆಗೆ ನುಗ್ಗಬೇಕೆಂದು ತಮಗೆ ತೋರಿಸಿಕೊಟ್ಟವರು ಮೆಂಬರ್ರೇ ಎಂದು ಬಾಯಿಬಿಟ್ಟ. ಮನೆಯೊಳಗಿನ ಹೆಂಗಸು ಐದು ವರ್ಷ ಹೇಳಿದ್ದನ್ನು ನಂಬದ ಊರು, ಜಗಳೂರಿನ ದಫೇದಾರ ಪಂಕ್ತಿಯಲ್ಲಿ ಹೋಳಿಗೆ ತಿನ್ನುತ್ತಾ ಹೇಳಿದ್ದನ್ನು ಆ ವಾರವೇ ನಂಬಿತು. ಮೆಂಬರ್ರು ಚನ್ನಗಿರಿಯ ಮಗಳ ಮನೆಗೆ ಹೋಗಿ ಕದ ಹಾಕಿಕೊಂಡರು. ಉಳಿದದ್ದು ಕಲ್ಲು.

ಚಾವಡಿಯಲ್ಲಿ ಸಭೆ ಸೇರಿತು. ತೆಗೆಯಬೇಕು ಎಂದರು ಕೆಲವರು, ಶಾಲೆ ತಂದದ್ದು ಸುಳ್ಳೇನು ಎಂದು ಕೇಳಿದರು ಕೆಲವರು. ಕೊನೆಗೆ ತೆಗೆಯುವುದೆಂದೇ ಆಯಿತು. ಆದರೆ ಹಾರೆ ಹಿಡಿಯುವವರು ಯಾರು? ಪೂಜೆ ಬಿದ್ದ ಕಲ್ಲು, ಕಣ್ಣು ತೆರೆದ ಮೂರ್ತಿ. ಕಿತ್ತವನ ವಂಶ ನಿಲ್ಲುವುದಿಲ್ಲ ಎಂದು ವಡ್ಡರು ಕೈಮುಗಿದು ಹೋದರು. ಸಭೆಯ ಹಿರಿಯರು ಅತ್ತೆಯನ್ನು ಕರೆಸಿ, "ಯಾರೂ ಕೈ ಹಚ್ಚಾಕೆ ಒಪ್ತಿಲ್ಲ ಹಾಲಮ್ಮ. ಹಾರ ಹಾಕೋದು ನಿಲ್ಲಿಸ್ತೀವಿ. ಆದದ್ದು ಆಗಿ ಹೋತು, ಅದನ್ನ ಎತ್ತಿ ಆಡೋದು ಬ್ಯಾಡ" ಎಂದರು.

ಅತ್ತೆ ಪೂಜಾರಿಯ ಕಡೆ ತಿರುಗಿದರು. "ಮೂರ್ತಿ ಭಿನ್ನ ಆದ್ರೆ ಏನ್ ಮಾಡ್ತೀರಿ ಸ್ವಾಮಿ?"

"ಭಿನ್ನ ಆದದ್ದಕ್ಕೆ ಪೂಜೆ ಇಲ್ಲಮ್ಮ. ನೀರಿಗೆ ಬಿಡಬೇಕು."

"ಹಂಗಾರೆ ನಡೀರಿ" ಎಂದು ಮನೆಗೆ ಬಂದವರೇ ಒರಳಿನ ಗುಂಡುಕಲ್ಲು ಎತ್ತಿಕೊಂಡರು. ಸುಡುಬಿಸಿಲು. ನಾನು ಹಿಂದೆ ಓಡಿದೆ. ತಡೆಯಲೋ ನೋಡಲೋ ನನಗೇ ತಿಳಿಯದು. ಮೂರ್ತಿಯ ಎದುರು ನಿಂತು ಅತ್ತೆ ಸೆರಗು ಸೊಂಟಕ್ಕೆ ಬಿಗಿದು, ಇಡೀ ಚಾವಡಿಗೆ ಕೇಳುವಂತೆ ಕೂಗಿದರು:

"ಕೇಳ್ರಪ್ಪೋ! ಕಳ್ಳರ ಹಂಗೆ ಸದ್ದಿಲ್ದೆ ತೆಗ್ಯಾಕೆ ನಾನು ಬಿಡಂಗಿಲ್ಲ. ಯಾಕೆ ಅಂತ ಹೇಳೇ ತೆಗೀತೀನಿ. ಇದೇ ಬೆರಳು ನಮ್ಮ ಅಟ್ಟ ತೋರಿಸ್ತು. ನನ್ನ ಗಂಡ ಸೀನ್ಲಿಲ್ಲ!"

ಮೊದಲ ಏಟಿಗೆ ಬೆರಳು ಹಾರಿ ನನ್ನ ಕಾಲ ಬುಡದಲ್ಲಿ ಬಿತ್ತು. ಪೂಜಾರಿ ಹತ್ತಿರ ಬಂದು ನೋಡಿ, "ಭಿನ್ನ ಆತು" ಎಂದರು. ಆಮೇಲೆ ನೋಡಿ, ಎಲ್ಲರಿಗೂ ಕೈ ಬಂತು. ಹಾರೆ ಬಂತು, ಹಗ್ಗ ಬಂತು. ಗಾಡಿ ಕಟ್ಟಿದವನು ನ್ಯಾಮತಿಯ ರಹೀಮ್‌ಸಾಬ. ಸಂತೇಬೆನ್ನೂರಿನಿಂದ ಮೂರ್ತಿಯನ್ನು ತಂದವನೂ ಅವನೇ. "ತರಾವಾಗ ದೇವ್ರು ಅಂತ ನನ್ನ ಚಪ್ಪಲಿ ಬಿಡಿಸಿದ್ರಿ. ಈಗ ಮೆಟ್ಕಂಡು ಗಾಡಿ ಹೊಡೀಲಾ ಹೆಂಗೆ?" ಎಂದು ಕೇಳಿದ. ಆ ದಿನ ಅತ್ತೆ ನಕ್ಕದ್ದು ಅದೊಂದಕ್ಕೇ. "ಮೆಟ್ಕಳಪ್ಪಾ, ಗಟ್ಟಿಯಾಗೇ ಮೆಟ್ಕಾ" ಎಂದರು. ಮೆಂಬರ್ರು ಮುಖ ಕೆಳಗಾಗಿ ತುಂಗಭದ್ರೆ ಸೇರಿದರು. ಬೇಸಿಗೆಯಲ್ಲಿ ನೀರಿಳಿದು ಚಪ್ಪಡಿಯ ಬೆನ್ನು ಮೇಲೆ ಬಂದರೆ ನಾವೆಲ್ಲ ಅದರ ಮೇಲೆ ಬಟ್ಟೆ ಒಗೆದಿದ್ದೇವೆ. ಕಂಬಳಿ ಒಗೆಯಲು ಅಂಥ ಕಲ್ಲು ಇನ್ನೊಂದಿರಲಿಲ್ಲ. ಬೆರಳಿನಲ್ಲಿ ಅತ್ತೆ ಹಲ್ಲು ಹೋದ ಮೇಲೆ ಎಲೆಅಡಿಕೆ ಕುಟ್ಟಿದರು, ಅವರ ನಂತರ ಅದು ನನ್ನ ಕೈಗೆ ಬಂತು.

ಇದನ್ನೆಲ್ಲ ಆ ಯುವಕರಿಗೆ ಹೇಳುವ ಮನಸ್ಸು ನನಗೆ ಮೊದಲು ಇರಲಿಲ್ಲ. ಮುಗಿದ ಕತೆ, ಗೆದ್ದ ಜಗಳ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಚಹಾ ಕೊಟ್ಟೆ. ಕಿರಿಯವನು ಗುಟುಕರಿಸಿ, ಖಾರಕ್ಕೆ ಸೀನಿ, ನಗುತ್ತಾ ಹೇಳಿದ: "ನಿಮ್ಮ ಮಾವನೋರೂ ಹಿಂಗೇ ಸೀನಿ ಸಿಕ್ಕಿಬಿದ್ರಂತಲ್ಲ ಅಜ್ಜಿ? ನಮ್ಮ ತಾತ ಹೇಳ್ತಿದ್ರು."

ಕೆಟ್ಟ ಬುದ್ಧಿಯಿಂದ ಅಂದದ್ದಲ್ಲ, ಪಾಪದವನು. ಆದರೆ ನನಗೆ ಮೈಯೆಲ್ಲ ಉರಿಯಿತು. ಕಲ್ಲನ್ನು ಹೊಳೆಗೆ ಹಾಕಿದ ಊರು ಅದರ ಕಾರಣವನ್ನೂ ಜೊತೆಗೇ ಹಾಕಿಬಿಟ್ಟಿತ್ತು. ದಡದಲ್ಲಿ ಉಳಿದುಕೊಂಡದ್ದು ಆ ಸುಳ್ಳು ಸೀನು ಒಂದೇ. ನಾನಾದರೂ ಏನು ಮಾಡಿದ್ದೆ? ಸಾಕ್ಷಿಯನ್ನು ಅಡುಗೆಮನೆಯಲ್ಲಿಟ್ಟು ಮೆಣಸು ಕುಟ್ಟುತ್ತಾ ಕೂತಿದ್ದೆ.

"ಲೋಟ ಕೆಳಗಿಡ್ರಿ" ಅಂದೆ. ಮೊದಲಿನಿಂದ ಕೊನೆಯತನಕ ಹೇಳಿದೆ, ನಿಮಗೆ ಹೇಳಿದ್ದಕ್ಕಿಂತ ಜೋರಾಗಿ. ಹಿರಿಯವನು ತಲೆ ತಗ್ಗಿಸಿ ಕೇಳಿದ. ಆಮೇಲೆ ಮೆಲ್ಲಗೆ, "ಹಳೇದು ಬಿಡ್ರಿ ಅಜ್ಜಿ. ಬೆರಳು ಕೊಡದಿದ್ರೆ ಸಿಮೆಂಟಿನಾಗೆ ಮಾಡಸ್ತೀವಿ" ಎಂದ.

"ಮಾಡಸ್ರಿ. ಮಾಡಸಿದ ದಿನ ಒರಳಿನ ಗುಂಡು ತಗಂಡು ಬರ್ತೀನಿ. ನಮ್ಮತ್ತೆ ಹೊಡೆದದ್ದು ನೋಡೀನಿ, ಹೆಂಗೆ ಹೊಡೀಬೇಕು ಅಂತ ಗೊತ್ತೈತೆ. ಅವ್ರನ್ನ ನಿಲ್ಲಿಸೋದಾದ್ರೆ ಬೆರಳಿಲ್ದೇ ನಿಲ್ಲಿಸ್ರಿ. ಯಾಕಿಲ್ಲ ಅಂತ ಕೇಳಿದೋರನ್ನ ನಮ್ಮನೆಗೆ ಕಳಸ್ರಿ."

ಇಬ್ಬರೂ ಎದ್ದು ಹೋದರು. ಏನು ಮಾಡುತ್ತಾರೋ ಗೊತ್ತಿಲ್ಲ. ನಾನು ಮಾತ್ರ ಬೆರಳನ್ನು ತೊಳೆದು, ಉಗುರಿನ ಮೂಲೆಯ ಪುಡಿಯನ್ನು ಕಡ್ಡಿಯಿಂದ ತೆಗೆದು, ಬೀದಿ ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟೆ, ಹೋಗಿಬರುವವರ ಕಣ್ಣಿಗೆ ಬೀಳುವ ಹಾಗೆ. ಸಂಜೆ ಚಹಾಕ್ಕೆ ಮೆಣಸನ್ನು ಲಟ್ಟಣಿಗೆಯಿಂದ ಅರೆದೆ. ಅಭ್ಯಾಸವಿಲ್ಲದ ಕೈ, ಪುಡಿ ಹಾರಿ ಮೂಗಿಗೆ ಬಂತು. ಬಾಗಿಲಿಗೆ ಹೋಗಿ, ಇಡೀ ಬೀದಿಗೆ ಕೇಳುವ ಹಾಗೆ ಸೀನಿದೆ. ಎದುರುಮನೆಯವಳು ಗಾಬರಿಯಿಂದ ಇಣುಕಿ, ಗೂಡಿನಲ್ಲಿ ಅದೇನು ಎಂದು ಕೇಳಿದಳು.

"ಬಾ, ಕೂತ್ಕ, ಹೇಳ್ತೀನಿ" ಎಂದೆ. "ನಮ್ಮ ಮಾವ ಸೀನ್ಲಿಲ್ಲ."